ಕೋಳಿಯನ್ನು ಕೇಳಿ ಮಸಾಲೆ ಅರೆದವರುಂಟೇ?

2012ರ ಮೇ 7, ಸೋಮವಾರ. ಇಂಗ್ಲೆಂಡಿನ ವಾಯವ್ಯ ಭಾಗದ ಬ್ಲ್ಯಾಕ್‌ಬರ್ನ್ ಊರಿಗೆ ಮಳೆ ಹಿಡಿದುಕೊಂಡಿತ್ತು. ಅಲ್ಲಿ ರಾತ್ರಿ ಎಂಟು ಗಂಟೆ, ನಮ್ಮಲ್ಲಿ ಮಧ್ಯರಾತ್ರಿ ದಾಟಿ ಅರ್ಧ ತಾಸು. ನಿದ್ದೆಗಣ್ಣಿನಲ್ಲಿ ಟಿ.ವಿ. ಮುಂದೆ ಕೂತವನಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಈವುಡ್ ಪಾರ್ಕ್ ಮೈದಾನದ ಹಸಿರು ಹುಲ್ಲಿನ ಮೇಲೆ ಒಂದು ಕೋಳಿ ಓಡಾಡುತ್ತಿತ್ತು. ಜೀವಂತ ಕೋಳಿ. ಅದರ ಮೈಮೇಲೆ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ಬಿನ ನೀಲಿ-ಬಿಳಿ ಬಾವುಟ ಹೊದಿಸಿದ್ದರು. ಲಕ್ಷಾಂತರ ಪೌಂಡ್ ಸಂಬಳದ ಆಟಗಾರರು ಆಟ ಬಿಟ್ಟು ಕೋಳಿಯ ಹಿಂದೆ ಬಿದ್ದರು. ನಮ್ಮ ಹಳ್ಳಿಗಳಲ್ಲಿ ನೆಂಟರು ಬಂದ ದಿನ ಹಿತ್ತಿಲಲ್ಲಿ ನಡೆಯುವ ದೃಶ್ಯ ಅದು. ಕಾಲಿನ ಆಟದಲ್ಲಿ ಪಳಗಿದವರಿಗೆ ಕೈಯಿಂದ ಹಿಡಿಯುವುದು ಅಷ್ಟು ಸುಲಭವಾಗಿ ಒಗ್ಗಲಿಲ್ಲ.

ಆ ರಾತ್ರಿ ರೋವರ್ಸ್ ಗೆಲ್ಲಲೇಬೇಕಿತ್ತು. ಗೆಲ್ಲದಿದ್ದರೆ ಪ್ರೀಮಿಯರ್ ಲೀಗ್‌ನಿಂದ ಕೆಳಗಿನ ದರ್ಜೆಗೆ ಹಿಂಬಡ್ತಿ. ಮುಗಿಯಲು ಇನ್ನೇನು ಮೂರು ನಿಮಿಷವಿದೆ ಎನ್ನುವಾಗ ಎದುರಾಳಿ ವಿಗನ್ ತಂಡದ ಆಂಟೊಲಿನ್ ಅಲ್ಕರಾಸ್ ತಲೆಯಿಂದ ಚೆಂಡನ್ನು ಬಲೆಗೆ ಹೊಡೆದ. ಸತತ 11 ಸೀಸನ್ ಅಗ್ರ ದರ್ಜೆಯಲ್ಲಿ ಆಡಿದ್ದ ರೋವರ್ಸ್ 0-1ರಿಂದ ಸೋತು ಕೆಳಗಿಳಿಯಿತು. ಮರುದಿನ ಎಲ್ಲರ ಬಾಯಲ್ಲೂ ಇದ್ದದ್ದು ಆ ಗೋಲಲ್ಲ, ಕೋಳಿ.

ಕೋಳಿಯೇ ಯಾಕೆ ಎಂಬುದನ್ನು ಇಂಗ್ಲೆಂಡಿನವರಿಗಿಂತ ಬೇಗ ನಾವು ಹೇಳಬಲ್ಲೆವು. ಆ ಕ್ಲಬ್ಬಿನ ಮಾಲೀಕರು ಪುಣೆಯವರು. ಸೂಪರ್‌ಮಾರ್ಕೆಟ್ಟಿನ ಫ್ರೀಜರಿನಲ್ಲಿ ನಗೆಟ್ಸ್, ಸಾಸೇಜು ಪೊಟ್ಟಣಗಳ ಮೇಲೆ ನಾವು ಓದುವ ವೆಂಕೀಸ್ ಎಂಬ ಹೆಸರಿನವರು. ಬಿ.ವಿ. ರಾವ್ ಅವರು 1971ರಲ್ಲಿ ಕಟ್ಟಿದ ವೆಂಕಟೇಶ್ವರ ಹ್ಯಾಚರೀಸ್ ಬೆಳೆದು ದೇಶದ ಕೋಳಿ ಉದ್ಯಮಕ್ಕೇ ದೊಡ್ಡಣ್ಣನಾಯಿತು. ಬೆಳಗಿನ ಪತ್ರಿಕೆಯಲ್ಲಿ ಮೊಟ್ಟೆಯ ದರ ನೋಡುತ್ತೇವಲ್ಲ, ಬೆಂಗಳೂರು ಇಷ್ಟು, ಮೈಸೂರು ಇಷ್ಟು ಎಂದು. ಆ ದರ ಸಾರುವ ಎನ್‌ಇಸಿಸಿ ಎಂಬ ಮೊಟ್ಟೆ ಸಮನ್ವಯ ಸಮಿತಿಯ ಹಿಂದೆ ಇದ್ದವರೂ ಅದೇ ರಾವ್. ಅವರ ಮಗಳು ಅನುರಾಧಾ ದೇಸಾಯಿ, ಗಂಡುಮಕ್ಕಳಾದ ವೆಂಕಟೇಶ್ ರಾವ್ ಮತ್ತು ಬಾಲಾಜಿ ರಾವ್ 2010ರ ನವೆಂಬರಿನಲ್ಲಿ ರೋವರ್ಸ್ ಕ್ಲಬ್ಬನ್ನು 2.3 ಕೋಟಿ ಪೌಂಡಿಗೆ ಕೊಂಡರು. ಮೇಲೆ ಸಾಲದ ಹೊರೆ ಬೇರೆ.

2.3 ಕೋಟಿ ಪೌಂಡ್ ಎಂದರೆ ಆಗಿನ ಲೆಕ್ಕದಲ್ಲಿ 165 ಕೋಟಿ ರೂಪಾಯಿ ಆಸುಪಾಸು. ಅದೇ ವರ್ಷದ ಮಾರ್ಚಿನಲ್ಲಿ ಅದೇ ಪುಣೆಯ ಹೆಸರಿನ ಐಪಿಎಲ್ ತಂಡಕ್ಕೆ ಸಹಾರಾ ಸಂಸ್ಥೆ ಕೂಗಿದ್ದು 1,702 ಕೋಟಿ ರೂಪಾಯಿ. ಆ ತಂಡಕ್ಕೆ ಆಗ ಜೆರ್ಸಿಯೂ ಇರಲಿಲ್ಲ, ಆಟಗಾರರೂ ಇರಲಿಲ್ಲ. ಇನ್ನೂ ಹುಟ್ಟದ ಕೂಸಿಗೆ ಕೊಟ್ಟ ಬೆಲೆಯ ಹತ್ತರಲ್ಲೊಂದು ಪಾಲಿಗೆ 1875ರಲ್ಲಿ ಹುಟ್ಟಿದ, ಎಫ್‌ಎ ಕಪ್ಪನ್ನು ಆರು ಬಾರಿ, ಇಂಗ್ಲೆಂಡಿನ ಲೀಗನ್ನು ಮೂರು ಬಾರಿ ಗೆದ್ದ ಕ್ಲಬ್ ಸಿಕ್ಕಿತ್ತು. ಜೊತೆಗೆ ಮೈದಾನ, ತರಬೇತಿ ಕೇಂದ್ರ, ಅಕಾಡೆಮಿ. ಆ ಸೀಸನ್ನಿನಲ್ಲಿ ಪ್ರೀಮಿಯರ್ ಲೀಗಿನ ಕಟ್ಟಕಡೆಯ ತಂಡಕ್ಕೂ ಟಿ.ವಿ. ಹಣ ಮತ್ತಿತರ ಪಾಲು ಸೇರಿ ಸುಮಾರು 4 ಕೋಟಿ ಪೌಂಡ್ ಸಿಗುತ್ತಿತ್ತು. ಕ್ಲಬ್ ಕೈಸೇರಿದ ಎರಡೇ ತಿಂಗಳಲ್ಲಿ ಲಿವರ್‌ಪೂಲ್ ಆ್ಯಂಡಿ ಕ್ಯಾರೊಲ್ ಎಂಬ ಒಬ್ಬನೇ ಆಟಗಾರನಿಗೆ 3.5 ಕೋಟಿ ಪೌಂಡ್ ಸುರಿಯಿತು. ಕಾಗದದ ಮೇಲೆ ನೋಡಿದರೆ ಪುಣೆಯವರದು ಜಾಣ ವ್ಯಾಪಾರವೇ.

ಕಾಗದದ ಮೇಲೆ ಇಲ್ಲದ್ದು ಒಂದಿತ್ತು. ಐಪಿಎಲ್‌ನಲ್ಲಿ ಎಷ್ಟು ಸೋತರೂ ಮುಂದಿನ ವರ್ಷ ಅದೇ ಪಂಕ್ತಿಯಲ್ಲಿ ಊಟ. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಕೊನೆಯ ಮೂರು ಸ್ಥಾನಕ್ಕೆ ಬಿದ್ದರೆ ಪಂಕ್ತಿಯಿಂದಲೇ ಎಬ್ಬಿಸುತ್ತಾರೆ.

*

ಬ್ಲ್ಯಾಕ್‌ಬರ್ನ್‌ಗೂ ನಮಗೂ ನಂಟು ಕೋಳಿಯಿಂದ ಶುರುವಾದದ್ದಲ್ಲ. ಅದು ಪಂಚೆಯ ನಂಟು. ನೂಲುವ ಜೆನ್ನಿ ಯಂತ್ರವನ್ನು ಕಂಡುಹಿಡಿದ ಜೇಮ್ಸ್ ಹಾರ್‌ಗ್ರೀವ್ಸ್ ಈ ಊರಿನ ಪಕ್ಕದವನೇ. ಹತ್ತೊಂಬತ್ತನೇ ಶತಮಾನದಲ್ಲಿ ಬ್ಲ್ಯಾಕ್‌ಬರ್ನ್ ಜಗತ್ತಿನ ದೊಡ್ಡ ನೇಯ್ಗೆಯ ಊರುಗಳಲ್ಲಿ ಒಂದಾಗಿತ್ತು. ಅಲ್ಲಿನ ಮಗ್ಗಗಳಿಂದ ಹೊರಬರುತ್ತಿದ್ದ ಬಟ್ಟೆಯಲ್ಲಿ ದೊಡ್ಡ ಪಾಲು ಭಾರತಕ್ಕೆಂದೇ ನೇಯ್ದ ಅಂಚಿನ ಧೋತಿಗಳು. ನಮ್ಮ ಮುತ್ತಜ್ಜಂದಿರಲ್ಲಿ ಎಷ್ಟು ಮಂದಿ ಬ್ಲ್ಯಾಕ್‌ಬರ್ನ್ ಉಟ್ಟು ಮದುವೆಯಾದರೋ! ಇಲ್ಲಿನ ಗಿರಣಿಗಳು ಬೆಳೆದು, ಜಪಾನಿನ ಅಗ್ಗದ ಬಟ್ಟೆ ಬಂದು, ಸುಂಕ ಏರಿ, ಮೇಲೆ ವಿದೇಶಿ ವಸ್ತ್ರ ಬಹಿಷ್ಕಾರವೂ ಸೇರಿದಾಗ ಅಲ್ಲಿನ ಮಗ್ಗಗಳು ಒಂದೊಂದಾಗಿ ನಿಂತವು. 1931ರ ಸೆಪ್ಟೆಂಬರಿನಲ್ಲಿ, ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಬಂದಿದ್ದ ಗಾಂಧೀಜಿ, ಕೆಲಸ ಕಳೆದುಕೊಂಡ ಆ ಗಿರಣಿ ಜನರನ್ನು ಕಾಣಲು ಬ್ಲ್ಯಾಕ್‌ಬರ್ನ್ ಇರುವ ಲ್ಯಾಂಕಷೈರ್ ಸೀಮೆಗೆ ಹೋದರು. ತುಂಡು ಬಟ್ಟೆ, ಶಾಲು ಹೊದ್ದ ಗಾಂಧಿಯ ಸುತ್ತ ಗಿರಣಿಯ ಹೆಂಗಸರು ಕೈಯೆತ್ತಿ ಜೈಕಾರ ಹಾಕುತ್ತಿರುವ ಪ್ರಸಿದ್ಧ ಚಿತ್ರವಿದೆಯಲ್ಲ, ಅದನ್ನು ತೆಗೆದದ್ದು ಡಾರ್ವೆನ್ ಎಂಬಲ್ಲಿ. ಬ್ಲ್ಯಾಕ್‌ಬರ್ನ್‌ನಿಂದ ದಕ್ಷಿಣಕ್ಕೆ ನಾಲ್ಕೈದು ಮೈಲಿ. ಈವುಡ್ ಪಾರ್ಕಿನಲ್ಲಿ ಆ ದಿಕ್ಕಿನ ಗ್ಯಾಲರಿಯ ಹೆಸರೇ ‘ಡಾರ್ವೆನ್ ಎಂಡ್’. ಮುಂದೆ ಐವತ್ತು, ಅರವತ್ತರ ದಶಕಗಳಲ್ಲಿ ಉಳಿದ ಗಿರಣಿಗಳ ರಾತ್ರಿಪಾಳಿಗೆ ಗುಜರಾತಿನಿಂದ, ಪಂಜಾಬಿನಿಂದ ಜನ ಹೋದರು. ಅವರ ಮೊಮ್ಮಕ್ಕಳು ಈಗ ಲ್ಯಾಂಕಷೈರ್ ಉಚ್ಚಾರದಲ್ಲೇ ಮಾತಾಡುತ್ತಾರೆ.

ಗಿರಣಿ ಮತ್ತು ಫುಟ್‌ಬಾಲ್ ಅಲ್ಲಿ ಒಂದೇ ಬಳ್ಳಿಯ ಕಾಯಿಗಳು. 1883ರಲ್ಲಿ ಇದೇ ಊರಿನ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ಇನ್ನೊಂದು ತಂಡ, ನೇಕಾರರೂ ಕೂಲಿಗಳೂ ಇದ್ದ ತಂಡ, ಎಫ್‌ಎ ಕಪ್ ಫೈನಲಿನಲ್ಲಿ ಓಲ್ಡ್ ಇಟೋನಿಯನ್ಸನ್ನು ಸೋಲಿಸಿತು. ಈಟನ್ ಶಾಲೆಯಲ್ಲಿ ಓದಿದ ಸಿರಿವಂತರ ಮಕ್ಕಳ ತಂಡವದು. ಅಲ್ಲಿಯವರೆಗೆ ದೊರೆಮಕ್ಕಳ ವಿನೋದವಾಗಿದ್ದ ಆಟ ಅಂದಿನಿಂದ ದುಡಿಯುವವರ ಆಟವಾಯಿತು. ಮುಂದಿನ ಮೂರು ವರ್ಷ ಕಪ್ ಗೆದ್ದದ್ದು ರೋವರ್ಸ್. 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಸೇರಿ ಲೀಗ್ ಕಟ್ಟಿದಾಗ, 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಾಗ, ಎರಡೂ ಸಲ ಹಾಜರಿದ್ದವು ಮೂರೇ ಕ್ಲಬ್ಬುಗಳು: ಎವರ್ಟನ್, ಆ್ಯಸ್ಟನ್ ವಿಲ್ಲಾ, ರೋವರ್ಸ್. ಈ ಮೂರೂ ಈಗ ಹೊರದೇಶದವರ ಕೈಯಲ್ಲಿವೆ.

ಹಾಗೆಂದು ‘ಮೊದಲು ಎಲ್ಲ ಊರವರದಾಗಿತ್ತು, ಹೊರಗಿನವರು ಬಂದು ಹಾಳಾಯಿತು’ ಎಂದು ಹೇಳಿಬಿಟ್ಟರೆ ಕಥೆ ಸಲೀಸು. ಆದರೆ ಅದು ನಿಜವಲ್ಲ. ರೋವರ್ಸನ್ನು ದುಡ್ಡಿನಿಂದಲೇ ಮೇಲೆತ್ತಿದವನು ಜ್ಯಾಕ್ ವಾಕರ್. ಬ್ಲ್ಯಾಕ್‌ಬರ್ನಿನ ಹುಡುಗ, ಅಪ್ಪನ ತಗಡಿನ ವ್ಯಾಪಾರವನ್ನು ಸೋದರನೊಂದಿಗೆ ಉಕ್ಕಿನ ಸಾಮ್ರಾಜ್ಯವಾಗಿ ಬೆಳೆಸಿ, ಬ್ರಿಟಿಷ್ ಸ್ಟೀಲಿಗೆ 30 ಕೋಟಿ ಪೌಂಡಿಗೂ ಹೆಚ್ಚು ಬೆಲೆಗೆ ಮಾರಿದವನು. 1991ರಲ್ಲಿ ಕ್ಲಬ್ಬಿನ ಹಿಡಿತ ಅವನಿಗೆ ಬಂತು. ಆಗ ತಂಡ ಎರಡನೇ ದರ್ಜೆಯಲ್ಲಿ ತೆವಳುತ್ತಿತ್ತು. ವಾಕರ್ ಕೆನ್ನಿ ಡಾಲ್‌ಗ್ಲಿಷ್‌ನನ್ನು ಮ್ಯಾನೇಜರ್ ಮಾಡಿ ಕರೆತಂದ, ದಾಖಲೆ ಬೆಲೆಗೆ ಆ್ಯಲನ್ ಷಿಯರರ್‌ನನ್ನು ತಂದ, ಗ್ಯಾಲರಿಗಳನ್ನು ಕೆಡವಿ ಹೊಸದಾಗಿ ಕಟ್ಟಿಸಿದ. 1995ರ ಮೇ 14ರಂದು ಕೊನೆಯ ಪಂದ್ಯದಲ್ಲಿ ಲಿವರ್‌ಪೂಲ್ ಎದುರು ರೋವರ್ಸ್ ಸೋತರೂ, ಅತ್ತ ಮ್ಯಾಂಚೆಸ್ಟರ್ ಯುನೈಟೆಡ್ ಡ್ರಾ ಮಾಡಿಕೊಂಡದ್ದರಿಂದ ಲೀಗ್ ಪಟ್ಟ ಒಲಿಯಿತು. ಚಾಂಪಿಯನ್‌ಷಿಪ್ಪನ್ನು ದುಡ್ಡು ಕೊಟ್ಟು ಕೊಂಡರು ಎಂದು ಉಳಿದ ಊರುಗಳ ಜನ ಅಂದು ಮೂಗು ಮುರಿದಿದ್ದರು. ತೆರಿಗೆ ಉಳಿಸಲು ವಾಕರ್ ಕೂಡ ವಾಸವಿದ್ದದ್ದು ಜೆರ್ಸಿ ದ್ವೀಪದಲ್ಲಿ. ಆದರೆ ಪಂದ್ಯದ ದಿನ ಆತ ಈವುಡ್ ಪಾರ್ಕಿನಲ್ಲಿ ಇರುತ್ತಿದ್ದ. ಗೆದ್ದಾಗ ಅಳುತ್ತಿದ್ದುದನ್ನು ಜನ ನೋಡಿದ್ದರು. 2000ದ ಆಗಸ್ಟಿನಲ್ಲಿ ತೀರಿಕೊಂಡಾಗ ಮೈದಾನದ ಹೊರಗೆ ಹೂವು, ಸ್ಕಾರ್ಫುಗಳ ರಾಶಿ ಬಿತ್ತು. ಈಗ ಅಲ್ಲಿ ಅವನ ಪ್ರತಿಮೆ ಇದೆ.

ವಾಕರ್ ಬಿಟ್ಟುಹೋದ ಟ್ರಸ್ಟಿಗೆ ಫುಟ್‌ಬಾಲ್ ಒಂದು ಖರ್ಚಿನ ಬಾಬತ್ತು. ವರ್ಷಗಟ್ಟಲೆ ಕೊಳ್ಳುವವರನ್ನು ಹುಡುಕಿದರು. ಸಿಕ್ಕವರು ಪುಣೆಯವರು.

*

ಕೊಂಡ ದಿನ ತಂಡದ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್. ಚೆಂಡನ್ನು ಆಕಾಶಕ್ಕೆ ಹೊಡೆಸುವ, ನೋಡಲು ಅಂದವಿಲ್ಲದ, ಆದರೆ ಅದುವರೆಗೆ ಯಾವ ತಂಡವನ್ನೂ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬೀಳಿಸದ ಅನುಭವಿ. ಒಂದು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 13ರಂದು, ತಂಡ ಇಪ್ಪತ್ತರಲ್ಲಿ 13ನೇ ಸ್ಥಾನದಲ್ಲಿರುವಾಗ, ಅವನನ್ನು ಮನೆಗೆ ಕಳಿಸಿದರು. ಅವನ ಕೈಕೆಳಗೆ ತರಬೇತಿ ಕೊಡುತ್ತಿದ್ದ ಸ್ಟೀವ್ ಕೀನ್ ಆ ಕುರ್ಚಿಯಲ್ಲಿ ಕೂತ. ಕೀನ್ ಅದುವರೆಗೆ ಯಾವ ತಂಡಕ್ಕೂ ಮ್ಯಾನೇಜರ್ ಆಗಿದ್ದವನಲ್ಲ. ಜನವರಿಯಲ್ಲಿ ಬ್ರೆಜಿಲ್‌ನ ರೊನಾಲ್ಡಿನ್ಯೋ ಬರುತ್ತಾನೆ ಎಂಬ ಸುದ್ದಿ ಹಬ್ಬಿತು, ಮಾಲೀಕರೂ ಹೌದೆಂದರು. ಅವನು ರಿಯೊದ ಫ್ಲಮೆಂಗೊ ತಂಡಕ್ಕೆ ಹೋದ. ವರ್ಷಗಳಿಂದ ಕ್ಲಬ್ ನಡೆಸುತ್ತಿದ್ದ ಅಧ್ಯಕ್ಷ ಜಾನ್ ವಿಲಿಯಮ್ಸ್ ರಾಜೀನಾಮೆ ಕೊಟ್ಟರು. ಹಳೆ ಅಡುಗೆಭಟ್ಟರೆಲ್ಲ ಹೊರಗೆ, ಪಾತ್ರೆ ಎಲ್ಲಿದೆ ಎಂದು ಗೊತ್ತಿಲ್ಲದವರು ಒಳಗೆ.

ಆ ನಡುವೆ ಭಾರತದ ಟಿ.ವಿ.ಗೆಂದು ಒಂದು ಜಾಹೀರಾತು ಬಂತು. ರೋವರ್ಸ್ ಆಟಗಾರರು ಪಂದ್ಯಕ್ಕೆ ಮುಂಚೆ ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ವೆಂಕೀಸ್ ಕೋಳಿಕಾಲು ಕಚ್ಚುವ ಜಾಹೀರಾತು. ನಮಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಸಿಮೆಂಟು, ಗುಟ್ಕಾ, ಬನಿಯನ್ನು ಎಲ್ಲದಕ್ಕೂ ನಮ್ಮ ಕ್ರಿಕೆಟಿಗರು ನಕ್ಕಿದ್ದಾರೆ. ಬ್ಲ್ಯಾಕ್‌ಬರ್ನ್‌ನವರು ಮಾತ್ರ ತಲೆತಗ್ಗಿಸಿದರು. ಎದುರಾಳಿ ಅಭಿಮಾನಿಗಳಿಗೆ ಸೀಸನ್ನಿಡೀ ಕೊಕ್ಕೊಕ್ಕೋ ಅನ್ನಲು ಅಷ್ಟು ಸಾಕಾಯಿತು. 2011ರ ಅಕ್ಟೋಬರಿನಲ್ಲಿ ತಂಡವನ್ನು ಪುಣೆಗೆ ಕರೆಸಿ ಪುಣೆ ಎಫ್‌ಸಿ ವಿರುದ್ಧ ಒಂದು ಸ್ನೇಹಪಂದ್ಯ ಆಡಿಸಿದರು. 3-0ರಿಂದ ಗೆದ್ದರು. ಲೀಗಿನಲ್ಲಿ ಆ ಹೊತ್ತಿಗೆ ಗೆಲುವು ಕೋಳಿಹಲ್ಲಿನಷ್ಟು ಅಪರೂಪವಾಗಿತ್ತು.

ಪ್ರತಿಭಟನೆಗಳು ಶುರುವಾದವು. ಮೆರವಣಿಗೆ, ಬ್ಯಾನರು, ಮೈದಾನದೊಳಗೆ ಕೂಗಾಟ. ಅದರ ಬಹುಪಾಲು ಕೀನ್‌ನ ತಲೆಗೆ ಬಂತು. ಇದರಲ್ಲಿ ನನಗೆ ಅನ್ಯಾಯವೂ ಕಂಡಿದೆ. ಮಾಲೀಕರು ಏಳು ಸಮುದ್ರದಾಚೆ, ಕೂಗಿದರೆ ಕೇಳಿಸದಷ್ಟು ದೂರ. ಕೈಗೆ ಸಿಗುವವನು ಪಾರುಪತ್ಯಗಾರನೊಬ್ಬನೇ. ಪರಊರಲ್ಲಿ ಕೂತ ಜಮೀನ್ದಾರನ ಮೇಲಿನ ಸಿಟ್ಟನ್ನು ಗೇಣಿ ವಸೂಲಿಗೆ ಬಂದ ಶಾನುಭೋಗನ ಮೇಲೆ ತೀರಿಸಿಕೊಂಡಂತೆ.

ಕೆಳಗಿಳಿದ ಮೇಲಿನ ಮೊದಲ ಸೀಸನ್ ಪ್ರಹಸನವೇ ಸರಿ. ಕೀನ್ 2012ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಟ್ಟ. 1995ರ ಚಾಂಪಿಯನ್ ತಂಡದಲ್ಲಿ ಆಡಿದ್ದ ನಾರ್ವೆಯ ಹೆನಿಂಗ್ ಬರ್ಗ್ ಬಂದ. 57 ದಿನಕ್ಕೆ ವಜಾ. ಅವನ ನಂತರ ಬಂದ ಮೈಕೆಲ್ ಆ್ಯಪಲ್ಟನ್ 67 ದಿನ ಇದ್ದ. ಫಾರಂನಲ್ಲಿ ಒಂದು ಬ್ರಾಯ್ಲರ್ ಕೋಳಿ ಮರಿಯಿಂದ ಮಾರಾಟದ ತೂಕಕ್ಕೆ ಬರಲು ಆರು ವಾರ ಬೇಕು. ಆ ವ್ಯಾಪಾರದಲ್ಲಿ ಬೆಳೆದವರಿಗೆ ಎರಡು ತಿಂಗಳು ಎಂದರೆ ದೀರ್ಘ ಕಾಲ ಅನ್ನಿಸಿರಲೂಬಹುದು. ಬರ್ಗ್ ತನ್ನ ಒಪ್ಪಂದದ ಬಾಕಿಗೆ ಕೋರ್ಟಿಗೆ ಹೋದ, ಸುಮಾರು 22 ಲಕ್ಷ ಪೌಂಡಿನ ಮೊಕದ್ದಮೆಯಲ್ಲಿ ಗೆದ್ದ. ಸುಮ್ಮನೆ ಮನೆಯಲ್ಲಿ ಕೂತಿದ್ದಕ್ಕೆ ಅಷ್ಟು ದುಡ್ಡು.

2017ರ ಮೇ 7. ವಿಗನ್ ಎದುರು ಸೋತು ಸರಿಯಾಗಿ ಐದು ವರ್ಷ. ರೋವರ್ಸ್ ಆ ದಿನ ಬ್ರೆಂಟ್‌ಫರ್ಡ್ ಮೈದಾನದಲ್ಲಿ 3-1ರಿಂದ ಗೆದ್ದಿತು. ಗೆದ್ದೂ ಗೋಲುಗಳ ಅಂತರದಲ್ಲಿ ಹಿಂದೆ ಬಿದ್ದು ಮೂರನೇ ದರ್ಜೆಗೆ ಇಳಿಯಿತು. ಪ್ರೀಮಿಯರ್ ಲೀಗ್ ಪಟ್ಟ ಕಟ್ಟಿಸಿಕೊಂಡ ಯಾವ ತಂಡವೂ ಅಲ್ಲಿಯವರೆಗೆ ಆ ದರ್ಜೆ ಕಂಡಿರಲಿಲ್ಲ. ಟೋನಿ ಮೌಬ್ರೆ ಎಂಬ ಮಾತು ಕಡಿಮೆಯ ಮ್ಯಾನೇಜರ್ ಮರುವರ್ಷವೇ ಮೇಲೆತ್ತಿದ. ಅಂದಿನಿಂದ ತಂಡ ಎರಡನೇ ದರ್ಜೆಯಲ್ಲಿ, ಅಂದರೆ ಚಾಂಪಿಯನ್‌ಷಿಪ್‌ನಲ್ಲಿ, ಹೊಸ್ತಿಲ ಹತ್ತಿರ ಬರುವುದು, ಎಡವುವುದು ಎಂದು ದಿನ ದೂಡುತ್ತಿದೆ.

*

ಇಂಗ್ಲೆಂಡಿನ ಕ್ಲಬ್ಬುಗಳು ಇಷ್ಟು ಸುಲಭವಾಗಿ ಮಾರಾಟಕ್ಕೆ ಸಿಗುವುದೇಕೆ? ಜರ್ಮನಿಯಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಕ್ಲಬ್ಬಿನ ಸದಸ್ಯರ ಕೈಯಲ್ಲೇ ಉಳಿಯಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಅಲ್ಲಿ ಕ್ಲಬ್ ಎಂದರೆ ಒಂದು ಕಂಪನಿ, ಷೇರು ಯಾರ ಬಳಿಯೋ ಅವರು ಯಜಮಾನರು. ಎರಡನೇ ದರ್ಜೆಯ ಲೆಕ್ಕಪುಸ್ತಕ ನೋಡಿದರೆ ತಲೆ ತಿರುಗುತ್ತದೆ. ನೂರು ಪೌಂಡ್ ಆದಾಯ ಬಂದರೆ ಸಂಬಳಕ್ಕೇ ನೂರಕ್ಕಿಂತ ಹೆಚ್ಚು ಹೋದ ವರ್ಷಗಳಿವೆ. ಮೇಲಿನ ದರ್ಜೆಗೆ ಏರಿದರೆ ಟಿ.ವಿ. ದುಡ್ಡಿನ ಹೊಳೆ, ಅದಕ್ಕಾಗಿ ಇವತ್ತು ಸಾಲ. ಲಾಟರಿ ಟಿಕೆಟಿಗೆ ಮನೆ ಅಡವಿಟ್ಟಂತೆ. ಆ ಕಂದಕ ತುಂಬಲು ಪ್ರತಿ ತಿಂಗಳು ಯಾರಾದರೊಬ್ಬರು ಚೆಕ್ ಬರೆಯಬೇಕು. ಊರಿನ ಉಕ್ಕಿನ ವ್ಯಾಪಾರಿಗೆ, ಬಿಯರ್ ಭಟ್ಟಿಯವನಿಗೆ ಅದು ಮೀರಿದ ಮಾತಾದಾಗ ರಷ್ಯಾ, ಅಬುಧಾಬಿ, ಥಾಯ್ಲೆಂಡ್, ಚೀನಾ, ಅಮೆರಿಕ ಬಂದವು.

ದೊಡ್ಡ ಊರುಗಳ ಕಥೆ ಎಲ್ಲರಿಗೂ ಗೊತ್ತು. 2003ರಲ್ಲಿ ಸಾಲದ ಶೂಲಕ್ಕೇರಿದ್ದ ಚೆಲ್ಸಿಯನ್ನು ರೋಮನ್ ಅಬ್ರಮೊವಿಚ್ ಎತ್ತಿಕೊಂಡದ್ದು, 2008ರಲ್ಲಿ ಅಬುಧಾಬಿಯ ಶೇಖ್ ಮನ್ಸೂರ್ ಮ್ಯಾಂಚೆಸ್ಟರ್ ಸಿಟಿಗೆ ಬಂದದ್ದು, 2021ರಲ್ಲಿ ಸೌದಿಯ ಸರ್ಕಾರಿ ನಿಧಿ ನ್ಯೂಕ್ಯಾಸಲ್ ಕೊಂಡದ್ದು. ಟ್ರೋಫಿ ಬಂದಾಗ ದುಡ್ಡಿನ ಮೂಲ ಕೇಳುವ ದನಿ ಸಣ್ಣದಾಗುತ್ತದೆ. ಇದು ಎಲ್ಲ ಊರಿಗೂ ಹೊಂದುವ ಮಾತು, ನಮ್ಮೂರ ಜಾತ್ರೆಯ ದಾನಿಗಳ ಬೋರ್ಡಿಗೂ. ಲೆಸ್ಟರ್ ನಗರದ್ದು ಬೇರೆಯೇ ಬಗೆ. ಅಲ್ಲಿ 2010ರಲ್ಲಿ ಬಂದ ಥಾಯ್ಲೆಂಡಿನ ಡ್ಯೂಟಿ-ಫ್ರೀ ವ್ಯಾಪಾರಿ ವಿಚೈ ಶ್ರೀವಡ್ಢನಪ್ರಭ ಹುಟ್ಟುಹಬ್ಬಕ್ಕೆ ಅಭಿಮಾನಿಗಳಿಗೆ ಬಿಯರ್ ಕುಡಿಸುತ್ತಿದ್ದ, ಆಸ್ಪತ್ರೆಗೆ ದಾನ ಕೊಡುತ್ತಿದ್ದ, ಆಟ ನೋಡಲು ಹೆಲಿಕಾಪ್ಟರಿನಲ್ಲಿ ಬರುತ್ತಿದ್ದ. 2016ರಲ್ಲಿ ತಂಡ ಲೀಗ್ ಗೆದ್ದಾಗ ಜಗತ್ತೇ ಬಾಯಿ ಬಿಟ್ಟಿತು. 2018ರ ಅಕ್ಟೋಬರ್ 27ರಂದು ಪಂದ್ಯ ಮುಗಿಸಿ ಮೈದಾನದಿಂದಲೇ ಮೇಲೆದ್ದ ಹೆಲಿಕಾಪ್ಟರ್ ಪಕ್ಕದಲ್ಲೇ ಬಿದ್ದು ಆತನೂ ಸೇರಿ ಐವರು ಸತ್ತರು. ಅಂದು ಅತ್ತ ಊರಿಗೆ ಆತ ಎಲ್ಲಿಯವನು ಎಂಬುದು ನೆನಪಾಗಿರಲಾರದು.

ಇನ್ನೊಬ್ಬ ಥಾಯ್ ಮಾಲೀಕ ಡೆಜ್‌ಫೋನ್ ಚಾನ್ಸಿರಿ. ಅವನ ಮನೆತನದ್ದು ಡಬ್ಬಿಮೀನಿನ ವ್ಯಾಪಾರ. 2015ರಲ್ಲಿ ಷೆಫೀಲ್ಡ್ ವೆನ್ಸ್‌ಡೇ ಕೊಂಡ. ಮೊದಮೊದಲು ಧಾರಾಳ ಸುರಿದ. 2025ರಲ್ಲಿ ಆಟಗಾರರಿಗೆ, ಸಿಬ್ಬಂದಿಗೆ ತಿಂಗಳ ಸಂಬಳವೇ ಹೊತ್ತಿಗೆ ಆಗಲಿಲ್ಲ. ಜನ ಮೈದಾನಕ್ಕೆ ಹೋಗುವುದನ್ನೇ ಬಿಟ್ಟರು. ಅಕ್ಟೋಬರ್ 24ರಂದು ಕ್ಲಬ್ ದಿವಾಳಿಯ ಆಡಳಿತಗಾರರ ಕೈಗೆ ಹೋಯಿತು, ಶಿಕ್ಷೆಯಾಗಿ 12 ಅಂಕ ಕಡಿತ. ಅಂಕ ಹೋದ ದಿನ ಅಳಬೇಕಾದವರು ಏನು ಮಾಡಿದರು ಗೊತ್ತೇ? ಟಿಕೆಟು, ಜೆರ್ಸಿ ಕೊಳ್ಳಲು ಕ್ಯೂ ನಿಂತರು. ಮಾಲೀಕ ಹೋದ ಮೇಲೆ ಗಲ್ಲಾಪೆಟ್ಟಿಗೆಗೆ ಬೀಳುವ ದುಡ್ಡು ಕ್ಲಬ್ಬಿನದೇ ಎಂಬ ಸಂತೋಷಕ್ಕೆ.

ಕೇಡಿಗೆ ಪಾಸ್‌ಪೋರ್ಟಿನ ಬಣ್ಣವೇನೂ ಬೇಕಿಲ್ಲ. ಬ್ಲ್ಯಾಕ್‌ಬರ್ನ್‌ಗೆ ಹತ್ತಿರದ ಬರಿ ಎಂಬ ಊರಿನ ಕ್ಲಬ್ 1885ರದು, ಎರಡು ಸಲ ಎಫ್‌ಎ ಕಪ್ ಗೆದ್ದದ್ದು. 2019ರ ಆಗಸ್ಟಿನಲ್ಲಿ ಸಾಲ ತೀರಿಸಲಾಗದೆ ಲೀಗಿನಿಂದಲೇ ಹೊರಬಿತ್ತು. ಅದನ್ನು ಮುಳುಗಿಸಿದ ಮಾಲೀಕರು ಇಂಗ್ಲಿಷರೇ.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ದಕ್ಷಿಣ ತೀರದ ಪೋರ್ಟ್ಸ್‌ಮತ್. 2008ರಲ್ಲಿ ಎಫ್‌ಎ ಕಪ್ ಗೆದ್ದ ತಂಡ. ಮರುಸೀಸನ್ನುಗಳಲ್ಲಿ ಒಬ್ಬರ ಕೈಯಿಂದ ಒಬ್ಬರಿಗೆ ಬಿಸಿ ಇಡ್ಲಿಯಂತೆ ದಾಟಿ, ಒಂದೇ ಸೀಸನ್ನಿನಲ್ಲಿ ನಾಲ್ವರು ಮಾಲೀಕರನ್ನು ಕಂಡು, 2010ರ ಫೆಬ್ರುವರಿಯಲ್ಲಿ ಪ್ರೀಮಿಯರ್ ಲೀಗಿನಲ್ಲಿರುವಾಗಲೇ ದಿವಾಳಿ ಆಡಳಿತಕ್ಕೆ ಹೋದ ಮೊದಲ ಕ್ಲಬ್ ಎನ್ನಿಸಿಕೊಂಡಿತು. ಮೂರೇ ವರ್ಷದಲ್ಲಿ ನಾಲ್ಕನೇ ದರ್ಜೆಗೆ ಬಿತ್ತು. 2013ರ ಏಪ್ರಿಲಿನಲ್ಲಿ ಅಭಿಮಾನಿಗಳು ತಲಾ ಸಾವಿರ ಪೌಂಡ್ ಹಾಕಿ ಟ್ರಸ್ಟ್ ಮಾಡಿ ಕ್ಲಬ್ಬನ್ನು ಕೊಂಡರು. ಸಾಲ ತೀರಿಸಿದರು, ನಾಲ್ಕನೇ ದರ್ಜೆ ಗೆದ್ದರು. ಆದರೆ ಹಳೆಯ ಫ್ರ್ಯಾಟನ್ ಪಾರ್ಕ್ ಮೈದಾನ ದುರಸ್ತಿ ಕೇಳುತ್ತಿತ್ತು, ಅದಕ್ಕೆ ಬೇಕಾದಷ್ಟು ದುಡ್ಡು ಇವರ ಜೇಬಿನಲ್ಲಿರಲಿಲ್ಲ. ಆಗ ಬಂದವನು ಡಿಸ್ನಿ ಕಂಪನಿಯ ಮಾಜಿ ಮುಖ್ಯಸ್ಥ, ಅಮೆರಿಕದ ಮೈಕೆಲ್ ಐಸ್ನರ್. ಊರಿಗೆ ಬಂದ, ಸಭಾಂಗಣದಲ್ಲಿ ಷೇರುದಾರರ ಎದುರು ನಿಂತ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. 2017ರಲ್ಲಿ ಮತ ಹಾಕಿದರು. ಹತ್ತರಲ್ಲಿ ಎಂಟು ಮಂದಿ ಮಾರೋಣ ಎಂದರು. ವಿದೇಶಿ ಮಾಲೀಕರಿಂದಲೇ ಮೈ ಸುಟ್ಟುಕೊಂಡಿದ್ದವರು ಮತ್ತೊಬ್ಬ ವಿದೇಶಿಗೇ ಬೀಗದ ಕೈ ಕೊಟ್ಟರು. 2024ರಲ್ಲಿ ತಂಡ ಎರಡನೇ ದರ್ಜೆಗೆ ಮರಳಿತು. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ ಎಂದು ನಮ್ಮ ಗಾದೆ. ಪೋರ್ಟ್ಸ್‌ಮತ್‌ನಲ್ಲಿ ಕೇಳಿದ್ದರು, ಅಷ್ಟೇ ವ್ಯತ್ಯಾಸ. ಕೋಳಿಯೇ ‘ಖಾರ ಸ್ವಲ್ಪ ಕಡಿಮೆ ಇರಲಿ’ ಎಂದು ಹೇಳಿ ಸಹಿ ಹಾಕಿತು.

2025ರ ಜುಲೈನಲ್ಲಿ ಬ್ರಿಟನ್ ಹೊಸ ಕಾಯ್ದೆ ತಂದಿದೆ. ಕ್ಲಬ್ ಕೊಳ್ಳಲು ಬರುವವರ ಹಿನ್ನೆಲೆ, ದುಡ್ಡಿನ ಮೂಲ ನೋಡಲು ಸ್ವತಂತ್ರ ನಿಯಂತ್ರಕ ಸಂಸ್ಥೆ, ಲಾಂಛನ-ಬಣ್ಣ-ಮೈದಾನದಂಥ ವಿಷಯಗಳಲ್ಲಿ ಅಭಿಮಾನಿಗಳ ಮಾತು ಕೇಳಬೇಕೆಂಬ ಕಟ್ಟಳೆ. ಒಳ್ಳೆಯದೇ. ಆದರೆ ಒಳ್ಳೆಯ ನಡತೆಯ ಶ್ರೀಮಂತನಿಗೆ ಫುಟ್‌ಬಾಲ್ ಬುದ್ಧಿ ಇದೆಯೇ ಎಂದು ಪರೀಕ್ಷಿಸುವ ಕಾಯ್ದೆ ಯಾವ ಸಂಸತ್ತಿನಿಂದಲೂ ಆಗುವಂಥದ್ದಲ್ಲ.

*

ಪುಣೆಯವರ ಬಗ್ಗೆ ಒಂದು ಮಾತು ಹೇಳದೆ ಹೋದರೆ ನಾನೂ ಆ ಗ್ಯಾಲರಿಯಲ್ಲಿ ಕೂಗಿದವರಲ್ಲೊಬ್ಬನಾಗುತ್ತೇನೆ. ಅವರು ಓಡಿಹೋಗಲಿಲ್ಲ. ಹದಿನೈದು ವರ್ಷದಲ್ಲಿ 20 ಕೋಟಿ ಪೌಂಡಿಗೂ ಹೆಚ್ಚು ಹಣವನ್ನು ಆ ಕ್ಲಬ್ಬಿಗೆ ಹಾಕಿದ್ದಾರೆ. ಅದು ವಾಪಸು ಬರುವ ಹಣವಲ್ಲ. ಕ್ಲಬ್ಬನ್ನು ಅಡವಿಟ್ಟು ಅದರಿಂದಲೇ ಬಡ್ಡಿ ಹಿಂಡುವವರೂ ಇರುವ ಲೋಕದಲ್ಲಿ ಇದು ಸಣ್ಣ ಮಾತಲ್ಲ. ಆದರೆ ವರ್ಷಗಟ್ಟಲೆ ಅವರನ್ನು ಈವುಡ್ ಪಾರ್ಕಿನಲ್ಲಿ ಕಂಡವರಿಲ್ಲ. ಏನು ಯೋಜನೆ, ಯಾವಾಗ ಮಾರುತ್ತೀರಿ, ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ ಉತ್ತರವಿಲ್ಲ. ತಿಂಗಳು ತಿಂಗಳು ಮನಿಆರ್ಡರ್ ಕಳಿಸಿ ಮುಖ ತೋರಿಸದ ಮಗನಂತೆ. ಅವನನ್ನು ಬೈಯುವ ಹಾಗೂ ಇಲ್ಲ, ಹೊಗಳುವ ಹಾಗೂ ಇಲ್ಲ.

ಆಮೇಲೆ ಆ ಮನಿಆರ್ಡರಿಗೂ ತೊಡಕು ಬಂತು. ವಿದೇಶಿ ವಿನಿಮಯ ಕಾನೂನಿನಡಿ ಜಾರಿ ನಿರ್ದೇಶನಾಲಯದ ತನಿಖೆ ನಡೆಯುತ್ತಿದ್ದ ಕಾರಣ, 2023ರಿಂದ ಮಾಲೀಕರು ಕ್ಲಬ್ಬಿಗೆ ಹಣ ಕಳಿಸಲು ದೆಹಲಿ ಹೈಕೋರ್ಟಿನ ಅನುಮತಿ ಕೇಳಬೇಕಾಯಿತು. ಕಳಿಸುವಷ್ಟೇ ಮೊತ್ತದ ಬ್ಯಾಂಕ್ ಗ್ಯಾರಂಟಿ ಇಡಬೇಕು ಎಂದಿತು ಕೋರ್ಟು. ಹಣ ಬಿಗಿಯಾದಾಗ ಕ್ಲಬ್ ಮಾರಬಹುದಾದದ್ದನ್ನು ಮಾರಿತು. 2024ರ ಫೆಬ್ರುವರಿ 1, ಆಟಗಾರರ ವರ್ಗಾವಣೆಯ ಕೊನೆಯ ದಿನ. ಬ್ಲ್ಯಾಕ್‌ಬರ್ನಿನಲ್ಲೇ ಹುಟ್ಟಿ, ಆರನೇ ವಯಸ್ಸಿಗೆ ರೋವರ್ಸ್ ಅಕಾಡೆಮಿ ಸೇರಿ, ಇನ್ನೂ ಇಪ್ಪತ್ತು ತುಂಬದ ಆ್ಯಡಮ್ ವಾರ್ಟನ್‌ನನ್ನು 1.8 ಕೋಟಿ ಪೌಂಡಿಗೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ಗೆ ಕೊಟ್ಟರು. ಅದೇ ದಿನ ಅಮೆರಿಕದಿಂದ ಡಂಕನ್ ಮೆಗ್ವೈರ್ ಎಂಬ ಆಟಗಾರನನ್ನು ತರಿಸಿಕೊಳ್ಳಬೇಕಿತ್ತು. ಅವನು ವಿಮಾನ ಹತ್ತಿ ಬಂದೂ ಆಗಿತ್ತು. ಅರ್ಜಿಯ ಕಾಗದಪತ್ರದಲ್ಲಿ ತಪ್ಪಾಗಿ ಗಡುವು ಮೀರಿತು. ಹುಡುಗ ಬಂದ ದಾರಿಯಲ್ಲೇ ವಾಪಸು ಹೋದ. ಹಿಂದಿನ ವರ್ಷದ ಜನವರಿಯಲ್ಲೂ ಇನ್ನೊಬ್ಬ ಆಟಗಾರನ ವಿಷಯದಲ್ಲಿ ಇದೇ ಆಗಿತ್ತು. ವಾರ್ಟನ್ ಆ ಬೇಸಿಗೆಯಲ್ಲೇ ಇಂಗ್ಲೆಂಡ್ ತಂಡದೊಂದಿಗೆ ಯೂರೊ ಕಪ್ಪಿಗೆ ಹೋದ. ಮರುವರ್ಷ ಕ್ರಿಸ್ಟಲ್ ಪ್ಯಾಲೆಸ್ ಎಫ್‌ಎ ಕಪ್ ಗೆದ್ದಾಗ ವೆಂಬ್ಲಿಯಲ್ಲಿ ಆಡಿದ. ರೋವರ್ಸ್ ಆ ಕಪ್ಪನ್ನು ಕೊನೆಯ ಬಾರಿ ಎತ್ತಿದ್ದು 1928ರಲ್ಲಿ. 2025ರಲ್ಲಿ, ಕ್ಲಬ್ಬಿಗೆ 150 ತುಂಬಿದ ವರ್ಷ, ಮಹಿಳಾ ತಂಡವನ್ನು ಎರಡನೇ ದರ್ಜೆಯಿಂದ ಹಿಂತೆಗೆದುಕೊಂಡರು. ಖರ್ಚು ಹೆಚ್ಚಾಯಿತಂತೆ.

ಲ್ಯಾಂಕಷೈರಿನ ಫುಟ್‌ಬಾಲ್ ಅಭಿಮಾನಿಗಳು ಈ ವರ್ಷಗಳಲ್ಲಿ ಅಂಕಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿಯನ್ನೂ ನೋಡಲು ಕಲಿತರು. ದೆಹಲಿ ಹೈಕೋರ್ಟಿನಲ್ಲಿ ಕೇಸು ಯಾವತ್ತು ಬರುತ್ತದೆ ಎಂಬ ಪಟ್ಟಿ. ಸ್ಥಳೀಯ ಪತ್ರಿಕೆಯ ಕ್ರೀಡಾ ವರದಿಗಾರರು ಭಾರತದ ಕೋರ್ಟ್ ಕಲಾಪ ಬರೆಯತೊಡಗಿದರು. ಬೆಳಗ್ಗೆ ಎದ್ದು ಕಾಯುತ್ತಾರೆ, ಅಷ್ಟು ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನ, ಸುದ್ದಿ ಬರುತ್ತದೆ: ವಿಚಾರಣೆ ಮುಂದಕ್ಕೆ ಹೋಯಿತು. ಯಾಕೆ ಮುಂದಕ್ಕೆ ಹೋಯಿತು, ಮುಂದಿನ ಸಲವಾದರೂ ತೀರ್ಮಾನವಾಗುತ್ತದೆಯೇ ಎಂದು ಅವರಿಗೆ ಅರ್ಥವಾಗುವುದಿಲ್ಲ. ಜಮೀನಿನ ವ್ಯಾಜ್ಯಕ್ಕೆಂದು ತಾಲ್ಲೂಕು ಕಚೇರಿಯ ಬೆಂಚು ಸವೆಸಿದ ನಮ್ಮ ಯಾವ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ. ತಾರೀಖು ಕೊಟ್ಟಿದ್ದಾರೆ, ಊಟ ಕಟ್ಟಿಕೊಂಡು ಹೋಗಿ.